ದೀಪ ಮಿನುಗಿತು, ಮುಂದೇನು?

ಕನ್ನಡ ಪಾಠ ಹೇಳುವವನಿಗೆ ವಿದ್ಯುತ್ತಿನ ಉಸಾಬರಿ ಏಕೆಂದು ಈ ಲೇಖನವನ್ನು ಕಂಡ ಕೂಡಲೇ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಆದುದರಿಂದ ಉತ್ತರವನ್ನು ಮೊದಲೇ ಹೇಳಿ ಮುಂದುವರಿಯುತ್ತೇನೆ.

ನಮ್ಮ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಎರಡು ದಿನ ಇರುವಾಗ ಒಂಬತ್ತನೆಯ ತರಗತಿಯ ಇಬ್ಬರು ಹುಡುಗರು ಅಂಗೈಯಗಲದ ಒಂದು ನೀಲಿ ಬೋರ್ಡನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದರು. ಅದಕ್ಕೆ ಜೋಡಿಸಿದ್ದ ಕೆಂಪು ಎಲ್‌ಇಡಿ ದೀಪವು ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. "ಮಾಷ್ಟ್ರೇ, ಇದರ ವಿವರಣೆಯನ್ನು ಚಾರ್ಟಿನಲ್ಲಿ ಹಾಕಬೇಕು. ಒಳ್ಳೆಯ ಕನ್ನಡದಲ್ಲಿ ಬರೆದುಕೊಡಿ" ಎಂದರು. "ಬರೆಯೋಣ. ಮೊದಲು ನೀವು ನನಗೆ ಹೇಳಿ. ದೀಪ ಯಾಕೆ ಮಿನುಗುತ್ತದೆ?" ಎಂದೆ. "ಪ್ರೋಗ್ರಾಂ ಹಾಕಿದ್ದೇವೆ ಮಾಷ್ಟ್ರೇ." "ಈ ಬಣ್ಣದ ಗೆರೆಗಳಿರುವ ಪುಟ್ಟ ವಸ್ತು ಯಾವುದು?" "ರೆಸಿಸ್ಟರ್." "ಅದು ಅಲ್ಲಿ ಯಾಕೆ?" ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಕೊನೆಗೆ ಒಬ್ಬ ಪ್ರಾಮಾಣಿಕವಾಗಿ ಹೇಳಿದ: "ಚಿತ್ರದಲ್ಲಿ ಹಾಗೇ ಇತ್ತು ಮಾಷ್ಟ್ರೇ."

ಆ ದಿನ ನಾನು ಚಾರ್ಟನ್ನು ಬರೆದುಕೊಡಲಿಲ್ಲ. ತಿಳಿಯದ ವಿಷಯವನ್ನು ಒಳ್ಳೆಯ ಕನ್ನಡದಲ್ಲಿ ಬರೆಯುವುದು ಯಾರಿಗೂ ಸಾಧ್ಯವಿಲ್ಲ, ಅವರಿಗೂ ಇಲ್ಲ, ನನಗೂ ಇಲ್ಲ. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಹೊಸಬರಿಗೆ ಸುಲಭವಾಗಲೆಂದು ಮಾಡಿದ ಈ ಬೋರ್ಡುಗಳು ನಮ್ಮ ಮಕ್ಕಳನ್ನು ಇಲೆಕ್ಟ್ರಾನಿಕ್ಸ್ ವಿದ್ಯೆಯ ಒಳಮನೆಗೆ ಕರೆದೊಯ್ಯುತ್ತವೆಯೇ? ಅಥವಾ ಜಗಲಿಯಲ್ಲೇ ಕೂರಿಸಿ ಕಳುಹಿಸುತ್ತವೆಯೇ?

ಈ ಬೋರ್ಡು ಏನೆಂಬುದನ್ನು ಪೋಷಕರಿಗಾಗಿ ಎರಡು ಮಾತುಗಳಲ್ಲಿ ಹೇಳುತ್ತೇನೆ. ಅದರ ನಡುವೆ ಒಂದು ಕರಿಯ ಚಿಪ್ಪು ಇದೆ. ಅದನ್ನು ಮೈಕ್ರೋಕಂಟ್ರೋಲರ್ ಎನ್ನುತ್ತಾರೆ. ಅದೊಂದು ಕಿರಿಯ ಕಂಪ್ಯೂಟರು. ನಾವು ಬರೆದುಕೊಟ್ಟ ಆಜ್ಞೆಗಳನ್ನು ನೆನಪಿನಲ್ಲಿಟ್ಟುಕೊಂಡು, ತನ್ನ ಕಾಲುಗಳ ಮೂಲಕ ದೀಪ ಉರಿಸುವುದು, ಗಂಟೆ ಬಾರಿಸುವುದು, ಬೆಳಕು ಎಷ್ಟಿದೆಯೆಂದು ಅಳೆಯುವುದು ಇತ್ಯಾದಿ ಕೆಲಸಗಳನ್ನು ಅದು ಮಾಡುತ್ತದೆ. ನಮ್ಮ ಮಕ್ಕಳ ಕೈಯಲ್ಲಿರುವ ಆರ್ಡುಯಿನೊ ಊನೊ ಎಂಬ ಬೋರ್ಡಿನ ಚಿಪ್ಪು ಸೆಕೆಂಡಿಗೆ 1 ಕೋಟಿ 60 ಲಕ್ಷ ಬಾರಿ ಮಿಡಿಯುತ್ತದೆ. ಸಂಖ್ಯೆ ದೊಡ್ಡದು, ಆದರೆ ಮನೆಯ ಮೊಬೈಲ್ ಫೋನಿನ ಮುಂದೆ ಅದು ಬಡಪಾಯಿ.

ಅದು ಹುಟ್ಟಿದ್ದು 2005ರಲ್ಲಿ, ಇಟಲಿ ದೇಶದ ಇವ್ರಿಯಾ ಎಂಬ ಊರಿನಲ್ಲಿ. ಒಂದು ಕಾಲಕ್ಕೆ ಒಲಿವೆಟ್ಟಿ ಟೈಪ್‌ರೈಟರುಗಳಿಗೆ ಹೆಸರಾಗಿದ್ದ ಊರು ಅದು. ಅಲ್ಲಿನ ವಿನ್ಯಾಸ ವಿದ್ಯಾಲಯವೊಂದರಲ್ಲಿ ಮಾಸ್ಸಿಮೊ ಬಾಂಜಿ ಮತ್ತು ಅವರ ಸಂಗಡಿಗರು ತಮ್ಮ ವಿದ್ಯಾರ್ಥಿಗಳಿಗಾಗಿ ಇದನ್ನು ರೂಪಿಸಿದರು. ಅದೇ ವಿದ್ಯಾಲಯದಲ್ಲಿ ಎರ್ನಾಂಡೊ ಬಾರಗಾನ್ ಎಂಬ ವಿದ್ಯಾರ್ಥಿಯು 2003ರಲ್ಲಿ ಆರಂಭಿಸಿದ 'ವೈರಿಂಗ್' ಎಂಬ ಕೆಲಸವೇ ಇದಕ್ಕೆ ಅಡಿಗಲ್ಲಾಗಿತ್ತು. 1002ರಲ್ಲಿ ಇಟಲಿಯ ಅರಸನಾದ ಆರ್ಡುಯಿನೊ ಎಂಬವನ ಹೆಸರು ಸುತ್ತಿ ಬಳಸಿ ಈ ಬೋರ್ಡಿಗೆ ಬಂದಿದೆ. 2016ರಲ್ಲಿ ಬ್ರಿಟನ್ನಿನ ಬಿಬಿಸಿ ಸಂಸ್ಥೆಯು ಮೈಕ್ರೋಬಿಟ್ ಎಂಬ ಇಂಥದೇ ಬೋರ್ಡನ್ನು ಅಲ್ಲಿನ ಹನ್ನೊಂದು ಹನ್ನೆರಡು ವರ್ಷದ ಸುಮಾರು 10 ಲಕ್ಷ ಮಕ್ಕಳಿಗೆ ಉಚಿತವಾಗಿ ಹಂಚಿತು. ನಮ್ಮ ಕೇರಳದಲ್ಲಿ ಕೈಟ್ ಸಂಸ್ಥೆಯು 2018ರಲ್ಲಿ ಲಿಟಲ್ ಕೈಟ್ಸ್ ಘಟಕಗಳನ್ನು ಆರಂಭಿಸಿತು. 2025ರಲ್ಲಿ ಹತ್ತನೆಯ ತರಗತಿಯ ಐಸಿಟಿ ಪಾಠದಲ್ಲಿ ರೋಬೋಟಿಕ್ಸ್ ಎಲ್ಲ ಮಕ್ಕಳಿಗೂ ಬಂದಿತು. ಹೀಗೆ ಇವ್ರಿಯಾದ ಬೋರ್ಡು ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವಿನ ಮೇಜಿನವರೆಗೂ ಬಂದು ಮುಟ್ಟಿದೆ. ಇದು ಸಣ್ಣ ಮಾತಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಬೋರ್ಡನ್ನು ಇಂಜಿನಿಯರುಗಳಿಗಾಗಿ ಮಾಡಿದ್ದಲ್ಲ. ವಿನ್ಯಾಸ ಕಲಿಯುವವರು, ಕಲಾವಿದರು, ಸರ್ಕ್ಯೂಟಿನ ಗೊಡವೆಗೆ ಹೋಗದೆಯೇ ತಮ್ಮ ಕೆಲಸವನ್ನು ಮಾಡಿಕೊಳ್ಳಲಿ ಎಂಬುದೇ ಅದರ ಉದ್ದೇಶವಾಗಿತ್ತು. ಅಂದರೆ ಇಲೆಕ್ಟ್ರಾನಿಕ್ಸಿನ ಕಷ್ಟವನ್ನು ಮರೆಮಾಡುವುದಕ್ಕಾಗಿಯೇ ಅದು ಹುಟ್ಟಿತು. ಕಷ್ಟವನ್ನು ಮರೆಮಾಡುವ ವಸ್ತುವು ತಾನಾಗಿಯೇ ಆ ಕಷ್ಟದ ಒಳಗೆ ನಮ್ಮನ್ನು ಕರೆದುಕೊಂಡು ಹೋಗಬೇಕೆಂದು ನಿರೀಕ್ಷಿಸುವುದು ಸರಿಯೇ?

ಈ ವಿಷಯದಲ್ಲಿ ಎರಡು ಪಕ್ಷಗಳನ್ನು ನಾನು ಕೇಳಿದ್ದೇನೆ. ಹಳಬರ ಪಕ್ಷ ಹೀಗಿದೆ: "ನಾವು ಟ್ರಾನ್ಸಿಸ್ಟರ್ ರೇಡಿಯೊ ಬಿಚ್ಚಿ, ಬೆಸುಗೆ ಹಾಕಿ, ಕೈ ಸುಟ್ಟುಕೊಂಡು ಕಲಿತವರು. ಈಗಿನ ಮಕ್ಕಳು ಯಾರೋ ಬರೆದ ಪ್ರೋಗ್ರಾಮನ್ನು ನಕಲು ಮಾಡುತ್ತಾರೆ, ನಾಲ್ಕು ವಯರು ಸಿಕ್ಕಿಸುತ್ತಾರೆ, ಮುಗಿಯಿತು." ಹೊಸಬರ ಪಕ್ಷ ಹೀಗಿದೆ: "ಹಿಂದೆ ಇಂಥ ಒಂದು ಚಿಪ್ಪಿಗೆ ಆಜ್ಞೆ ಕೊಡಬೇಕಾದರೆ ಅದಕ್ಕೆಂದೇ ಬೇರೆ ಯಂತ್ರ ಬೇಕಾಗಿತ್ತು. ನೂರಾರು ಪುಟಗಳ ಇಂಗ್ಲಿಷ್ ಕೈಪಿಡಿಯನ್ನು ಅರೆದು ಕುಡಿಯಬೇಕಾಗಿತ್ತು. ನೂರು ಮಂದಿ ಹೊರಟರೆ ತೊಂಬತ್ತು ಮಂದಿ ಹೊಸ್ತಿಲಲ್ಲೇ ಎಡವುತ್ತಿದ್ದರು. ಈಗ ಒಂದು ಗಂಟೆಯಲ್ಲಿ ದೀಪ ಮಿನುಗುತ್ತದೆ. ಆಸೆ ಹುಟ್ಟಿದರೆ ವಿದ್ಯೆ ಹಿಂದೆಯೇ ಬರುತ್ತದೆ."

ಭಾಷೆ ಕಲಿಸುವವನಾಗಿ ನಾನು ಮೊದಲಿಗೆ ಹೊಸಬರ ಪಕ್ಷವನ್ನೇ ಹಿಡಿಯುತ್ತೇನೆ. ಸಂಧಿ ಸಮಾಸಗಳನ್ನು ಕಲಿಸಿದ ಮೇಲೆ ಮಗುವಿಗೆ ಮಾತು ಕಲಿಸಿದ ತಾಯಿ ಲೋಕದಲ್ಲಿ ಉಂಟೇ? ಮಗು ಮೊದಲು ಮಾತಾಡುತ್ತದೆ, ತಪ್ಪು ತಪ್ಪಾಗಿ ಮಾತಾಡುತ್ತದೆ, ಆಮೇಲೆ ಬರೆಯುತ್ತದೆ. ವ್ಯಾಕರಣ ಬರುವುದು ಎಷ್ಟೋ ವರ್ಷಗಳ ಬಳಿಕ. ಹಾಗೆಯೇ ಮೊದಲು ದೀಪ ಮಿನುಗಲಿ. ಮಗುವಿನ ಕಣ್ಣಿನಲ್ಲಿ ಅದರ ಬೆಳಕು ಕಾಣಲಿ. ಓಮನ ನಿಯಮವನ್ನು ಮೊದಲು ಬಾಯಿಪಾಠ ಮಾಡಿಸಿ ಆಮೇಲೆ ದೀಪ ತೋರಿಸುತ್ತೇನೆ ಎಂದು ಹಟ ಹಿಡಿಯುವುದು ಜಾಣತನವಲ್ಲ.

ಆದರೆ ಹಳಬರ ಆಕ್ಷೇಪವನ್ನು ತಳ್ಳಿಹಾಕುವಂತೆಯೂ ಇಲ್ಲ. ಗೈಡು ನೋಡಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳನ್ನು ನಾನು ವರ್ಷವೂ ಕಾಣುತ್ತೇನೆ. ಅಕ್ಷರ ದುಂಡಾಗಿರುತ್ತದೆ, ವಾಕ್ಯ ತಪ್ಪಿರುವುದಿಲ್ಲ, ಅಂಕವೂ ಸಿಗುತ್ತದೆ. ಆದರೆ "ಇದರಲ್ಲಿ ನಿನ್ನ ಮಾತು ಯಾವುದು?" ಎಂದು ಕೇಳಿದರೆ ಉತ್ತರವಿಲ್ಲ. ನಕಲು ಮಾಡಿದ ಪ್ರೋಗ್ರಾಮಿನ ದೀಪವೂ ಹಾಗೆಯೇ. ಅದು ಮಿನುಗುತ್ತದೆ, ಆದರೆ ಯಾರ ಬುದ್ಧಿಯಿಂದ?

ಹಾಗಾದರೆ ಮಗು ಒಳಗೆ ಹೋಗುವುದು ಯಾವಾಗ? ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಬೋರ್ಡು ಬಾಗಿಲು ತೆರೆಯುತ್ತದೆ, ಒಳಗೆ ನಡೆಸುವುದಿಲ್ಲ. ಒಳಗೆ ನಡೆಸುವುದು ಬೋರ್ಡು ಕೈಕೊಟ್ಟಾಗ ಮಗು ಕೇಳುವ 'ಯಾಕೆ' ಎಂಬ ಪ್ರಶ್ನೆ. ಇದಕ್ಕೆ ನಮ್ಮ ಶಾಲೆಯಲ್ಲೇ ನಡೆದ ಒಂದು ನಿದರ್ಶನವಿದೆ.

ನಮ್ಮ ಊರುಗಳಲ್ಲಿ ಕೊಯ್ದ ಅಡಿಕೆಯನ್ನು ಅಂಗಳದಲ್ಲಿ ಸುಮಾರು 40 ದಿನ ಬಿಸಿಲಿಗೆ ಹರವುತ್ತೇವೆ. ನಡುವೆ ಅಕಾಲದಲ್ಲಿ ರಾತ್ರಿ ಒಂದು ಮಳೆ ಬಂದರೆ ಸಾಕು, ಬೂಸಲು ಹಿಡಿದು ವರ್ಷದ ಶ್ರಮ ಮಣ್ಣುಪಾಲು. ಹತ್ತನೆಯ ತರಗತಿಯ ಒಬ್ಬ ಹುಡುಗಿ ಇದಕ್ಕೊಂದು ಉಪಾಯ ಹೂಡಿದಳು. ಎರಡು ತಂತಿಗಳನ್ನು ಹತ್ತಿರ ಹತ್ತಿರ ಇಟ್ಟು ಬೋರ್ಡಿಗೆ ಜೋಡಿಸಿದಳು. ಅವುಗಳ ನಡುವೆ ಮಳೆಹನಿ ಬಿದ್ದ ಕೂಡಲೇ ಬೋರ್ಡು ಅದನ್ನು ತಿಳಿದು ಬಸ್ಸರನ್ನು ಕೂಗಿಸಬೇಕು. ಶಾಲೆಯಲ್ಲಿ ಚೆನ್ನಾಗಿಯೇ ಕೂಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಾಪಕರ ಅನುಮತಿ ಪಡೆದು ಮನೆಗೊಯ್ದು, 9 ವೋಲ್ಟಿನ ಚೌಕದ ಬ್ಯಾಟರಿ ಜೋಡಿಸಿ ರಾತ್ರಿ ಅಂಗಳದಲ್ಲಿ ಇಟ್ಟಳು. ಬೆಳಗಾಗುವಾಗ ಬ್ಯಾಟರಿ ಸತ್ತುಹೋಗಿತ್ತು. ಮಳೆ ಬಂದಿರಲಿಲ್ಲ, ಬಸ್ಸರು ಒಮ್ಮೆಯೂ ಕೂಗಿರಲಿಲ್ಲ. ಮತ್ತೊಂದು ಬ್ಯಾಟರಿ ತಂದಳು. ಮರುದಿನವೂ ಅದೇ ಕಥೆ.

ಅನೇಕರು ಇಲ್ಲಿಗೆ ಬಿಟ್ಟುಬಿಡುತ್ತಾರೆ. ಅವಳು ಬಿಡಲಿಲ್ಲ. "ಏನೂ ಕೆಲಸ ಮಾಡದೆ ಬ್ಯಾಟರಿ ಯಾಕೆ ಮುಗಿಯುತ್ತದೆ?" ಎಂದು ಭೌತಶಾಸ್ತ್ರದ ಅಧ್ಯಾಪಕರನ್ನು ಕೇಳಿದಳು. ಅವರು ಮಲ್ಟಿಮೀಟರನ್ನು ಅವಳ ಕೈಗೇ ಕೊಟ್ಟು ಅಳೆಯಲು ಹೇಳಿದರು. ಬೋರ್ಡು ಸುಮ್ಮನೆ ಕಾಯುತ್ತಿರುವಾಗಲೂ ಸುಮಾರು 50 ಮಿಲಿ ಆಂಪಿಯರ್ ವಿದ್ಯುತ್ತನ್ನು ಕುಡಿಯುತ್ತಿತ್ತು. ಆ ಬ್ಯಾಟರಿಯ ಒಟ್ಟು ಶಕ್ತಿ ಹೆಚ್ಚೆಂದರೆ 500 ಮಿಲಿ ಆಂಪಿಯರ್ ಗಂಟೆ. ಐನೂರನ್ನು ಐವತ್ತರಿಂದ ಭಾಗಿಸಿದರೆ ಹತ್ತು. ರಾತ್ರಿ ಎಂಟಕ್ಕೆ ಜೋಡಿಸಿದ್ದು ಬೆಳಗ್ಗೆ ಆರಕ್ಕೆ ಮುಗಿಯಲೇಬೇಕು. ಪ್ರಾಥಮಿಕ ಶಾಲೆಯ ಭಾಗಾಕಾರವು ಒಂದು ರಹಸ್ಯವನ್ನು ಬಿಡಿಸಿತು.

ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರಿದ್ದಾರೆ. ತಂದೆಯ ಜೊತೆ ಅವಳು ಅವರಲ್ಲಿಗೆ ಹೋದಳು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಳೆ ಬಂದಾಗ ಕೂಗಬೇಕು, ಅಷ್ಟೇ ಅಲ್ಲವಾ ಮಗಳೇ? ಅದಕ್ಕೆ ಕಂಪ್ಯೂಟರು ಯಾಕೆ?" ಬಿಸಿ 547 ಎಂಬ ಒಂದು ಟ್ರಾನ್ಸಿಸ್ಟರನ್ನು ಕೊಟ್ಟರು. ಮೂರು ಕಾಲಿನ, ಹುರುಳಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ವಸ್ತು. ಬೆಲೆ ಕೆಲವೇ ರೂಪಾಯಿ. ಅದರ ನಡುಗಾಲಿಗೆ ಅತ್ಯಲ್ಪ ವಿದ್ಯುತ್ತು ಹರಿದರೆ ಉಳಿದೆರಡು ಕಾಲುಗಳ ನಡುವೆ ಅದರ ನೂರಾರು ಪಟ್ಟು ವಿದ್ಯುತ್ತು ಹರಿಯುತ್ತದೆ. ನಡುಗಾಲಿಗೆ ವಿದ್ಯುತ್ತು ಬಾರದಿದ್ದರೆ ಹರಿವು ನಿಂತೇ ಇರುತ್ತದೆ. ತೋಡಿನ ಕಟ್ಟಕ್ಕೆ ಹಲಗೆ ಇಟ್ಟ ಹಾಗೆ. ಎರಡು ತಂತಿಗಳ ನಡುವೆ ಹನಿ ಬಿದ್ದರೆ ಆ ಹನಿಯ ಮೂಲಕವೇ ನಡುಗಾಲಿಗೆ ವಿದ್ಯುತ್ತು ಹೋಗುತ್ತದೆ, ಬಸ್ಸರು ಕೂಗುತ್ತದೆ. ಹನಿ ಇಲ್ಲದಾಗ ಖರ್ಚು ಇಲ್ಲವೆಂದೇ ಹೇಳಬಹುದು.

ಬಾವಿಯ ನೀರು ಚಿಮುಕಿಸಿ ನೋಡಿದಾಗ ಚೆನ್ನಾಗಿ ಕೂಗಿತು. ನಿಜವಾದ ಮಳೆ ಬಂದಾಗ ಮಾತ್ರ ಸ್ವರ ಕ್ಷೀಣವಾಗಿತ್ತು. ಮತ್ತೆ 'ಯಾಕೆ'. ಬಾವಿಯ ನೀರಿನಲ್ಲಿ ಲವಣಗಳು ಕರಗಿರುತ್ತವೆ, ಅದರಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಮಳೆಯ ನೀರು ಅದಕ್ಕಿಂತ ಶುದ್ಧ, ಆದುದರಿಂದ ಹರಿವು ಕಡಿಮೆ. ಇದು ರಸಾಯನಶಾಸ್ತ್ರದ ಪಾಠ. ಒಂದು ಟ್ರಾನ್ಸಿಸ್ಟರಿನ ಹಿಂದೆ ಇನ್ನೊಂದನ್ನು ಜೋಡಿಸಿದಳು. ಮೊದಲನೆಯದು ಹೆಚ್ಚಿಸಿದ್ದನ್ನು ಎರಡನೆಯದು ಮತ್ತೆ ಹೆಚ್ಚಿಸಿತು. ಬಸ್ಸರು ನೆರೆಮನೆಗೂ ಕೇಳುವಂತೆ ಕೂಗಿತು. ಅಡಿಕೆಯ ಕಾಲ ಮುಗಿಯುವವರೆಗೂ ಆ ಒಂದೇ ಬ್ಯಾಟರಿ ಬಾಳಿತು.

ಈ ಕಥೆಯಿಂದ ಬೋರ್ಡು ವ್ಯರ್ಥವೆಂದು ತಿಳಿಯಬಾರದು. ಬೋರ್ಡು ಇಲ್ಲದಿದ್ದರೆ ಆ ಹುಡುಗಿ ಆರಂಭವನ್ನೇ ಮಾಡುತ್ತಿರಲಿಲ್ಲ. ನಾಳೆ ಅವಳು ಇಬ್ಬನಿಗೆ ಕೂಗದೆ ಮಳೆಗೆ ಮಾತ್ರ ಕೂಗುವ, ಎಷ್ಟು ಹೊತ್ತು ಮಳೆ ಬಂತೆಂದು ಲೆಕ್ಕವಿಡುವ ಸಾಧನ ಮಾಡಬೇಕೆಂದರೆ ಬೋರ್ಡೇ ಬೇಕು. ಎಣಿಸುವುದು, ಕಾಯುವುದು, ತೀರ್ಮಾನಿಸುವುದು ಎರಡು ಟ್ರಾನ್ಸಿಸ್ಟರುಗಳಿಂದ ಆಗುವ ಕೆಲಸವಲ್ಲ. ಎಲ್ಲಿ ಬೋರ್ಡು ಬೇಕು, ಎಲ್ಲಿ ಬೇಡ ಎಂದು ತಿಳಿಯುವುದೇ ವಿವೇಕ. ಆ ವಿವೇಕ ಬೋರ್ಡನ್ನು ಮಾತ್ರ ಕಂಡವನಿಗೆ ಬರುವುದಿಲ್ಲ, ಬೋರ್ಡನ್ನು ಕಾಣದವನಿಗೂ ಬರುವುದಿಲ್ಲ.

ವಿದ್ಯಾರ್ಥಿಗಳೇ, ನಿಮಗೆ ಮೂರು ಕೆಲಸಗಳನ್ನು ಹೇಳುತ್ತೇನೆ. ನಮ್ಮ ಭೌತಶಾಸ್ತ್ರದ ಅಧ್ಯಾಪಕರೊಡನೆ ಕುಳಿತು ನಾನೂ ಇವನ್ನು ಮಾಡಿ ನೋಡಿದ್ದೇನೆ.

ಮೊದಲನೆಯದು, ದೀಪದ ಜೊತೆಗಿರುವ ರೆಸಿಸ್ಟರಿನ ಲೆಕ್ಕ ಮಾಡಿರಿ. ಬೋರ್ಡಿನ ಕಾಲಿನಲ್ಲಿ 5 ವೋಲ್ಟು. ಕೆಂಪು ಎಲ್‌ಇಡಿ ತನಗೆಂದು ಸುಮಾರು 2 ವೋಲ್ಟು ಇಟ್ಟುಕೊಳ್ಳುತ್ತದೆ. ಉಳಿದ 3 ವೋಲ್ಟನ್ನು 220 ಓಮಿನಿಂದ ಭಾಗಿಸಿರಿ. ಸುಮಾರು 14 ಮಿಲಿ ಆಂಪಿಯರ್ ಬರುತ್ತದೆ. ಊನೊ ಬೋರ್ಡಿನ ಒಂದು ಕಾಲಿನಿಂದ 20 ಮಿಲಿ ಆಂಪಿಯರಿಗಿಂತ ಹೆಚ್ಚು ಎಳೆಯದಿರುವುದು ಕ್ಷೇಮ. ರೆಸಿಸ್ಟರು ಅಲ್ಲಿ ಯಾಕಿದೆ ಎಂಬುದು ಈಗ ತಿಳಿಯಿತಲ್ಲ? ಪಾಠಪುಸ್ತಕದ ಓಮನ ನಿಯಮ ನಿಮ್ಮ ಮೇಜಿನ ಮೇಲೆ ಜೀವಂತವಾಗಿ ಕುಳಿತಿದೆ.

ಎರಡನೆಯದು, ಅದೇ ದೀಪವನ್ನು ಬೋರ್ಡೂ ಇಲ್ಲದೆ, ಪ್ರೋಗ್ರಾಮೂ ಇಲ್ಲದೆ ಮಿನುಗಿಸಿರಿ. 1972ರಲ್ಲಿ ಮಾರುಕಟ್ಟೆಗೆ ಬಂದ 555 ಎಂಬ ಎಂಟು ಕಾಲಿನ ಚಿಪ್ಪು ಇಂದಿಗೂ ಸಿಗುತ್ತದೆ. ಅದಕ್ಕೆ 1 ಕಿಲೋ ಓಮಿನ ಒಂದು, 68 ಕಿಲೋ ಓಮಿನ ಒಂದು ರೆಸಿಸ್ಟರು, 10 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರು ಜೋಡಿಸಿದರೆ ದೀಪ ಸುಮಾರು ಸೆಕೆಂಡಿಗೊಮ್ಮೆ ಮಿನುಗುತ್ತದೆ. ಕೆಪಾಸಿಟರು ಕೊಡದ ಹಾಗೆ, ತುಂಬುತ್ತದೆ, ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. 10ರ ಬದಲು 100 ಮೈಕ್ರೋಫ್ಯಾರಡಿನದನ್ನು ಹಾಕಿದರೆ ಮಿನುಗು ಹತ್ತು ಪಟ್ಟು ನಿಧಾನವಾಗುತ್ತದೆ. ಕೊಡ ದೊಡ್ಡದಾದರೆ ತುಂಬಲು ಹೊತ್ತು ಹೆಚ್ಚು ಬೇಕಲ್ಲವೇ?

ಮೂರನೆಯದು ಸ್ವಲ್ಪ ಧೈರ್ಯದ ಕೆಲಸ. ಕೆಲವು ಊನೊ ಬೋರ್ಡುಗಳಲ್ಲಿ 28 ಕಾಲಿನ ಉದ್ದದ ಚಿಪ್ಪನ್ನು ಗೂಡಿನಿಂದ ಕೀಳಲು ಬರುತ್ತದೆ. ಅಧ್ಯಾಪಕರ ಎದುರಿನಲ್ಲಿ ಮೆಲ್ಲನೆ ಅದನ್ನು ತೆಗೆದು ಬ್ರೆಡ್‌ಬೋರ್ಡಿನಲ್ಲಿ ನೆಡಿರಿ. ಒಂದು ಹರಳು, ಎರಡು ಪುಟ್ಟ ಕೆಪಾಸಿಟರು, ಒಂದು 10 ಕಿಲೋ ಓಮಿನ ರೆಸಿಸ್ಟರು, ಅಳತೆಗೆಡದ 5 ವೋಲ್ಟಿನ ವಿದ್ಯುತ್ತು, ಇಷ್ಟಿದ್ದರೆ ಚಿಪ್ಪು ಬೋರ್ಡಿನ ಹಂಗಿಲ್ಲದೆ ಕೆಲಸ ಮಾಡುತ್ತದೆ. ಬೋರ್ಡಿನಲ್ಲಿರುವ ಉಳಿದ ವಸ್ತುಗಳು ಯಾಕಿವೆ ಎಂಬ ಪ್ರಶ್ನೆ ಆಗ ತಾನಾಗಿಯೇ ಹುಟ್ಟುತ್ತದೆ. ಅದಕ್ಕೂ ಉತ್ತರ ಸಿಗುತ್ತದೆ. ಏಕೆಂದರೆ ಈ ಬೋರ್ಡನ್ನು ಮಾಡಿದವರು ಅದರ ಸರ್ಕ್ಯೂಟಿನ ನಕ್ಷೆಯನ್ನು ಬಚ್ಚಿಡದೆ ಲೋಕಕ್ಕೆಲ್ಲ ತೆರೆದಿಟ್ಟಿದ್ದಾರೆ. ಕಷ್ಟವನ್ನು ಮರೆಮಾಡಿದರೂ ಬಾಗಿಲಿಗೆ ಬೀಗ ಹಾಕಲಿಲ್ಲ. ಇದು ಅವರ ದೊಡ್ಡತನ.

ಎಚ್ಚರಿಕೆಯ ಒಂದು ಮಾತು. ಇವೆಲ್ಲ ಬ್ಯಾಟರಿಯ ವಿದ್ಯುತ್ತಿನಲ್ಲಿ ಮಾಡುವ ಕೆಲಸಗಳು. ಗೋಡೆಯ ಪ್ಲಗ್ಗಿನಲ್ಲಿರುವ 230 ವೋಲ್ಟು ಜೀವ ತೆಗೆಯುತ್ತದೆ. ದೊಡ್ಡವರಿಲ್ಲದೆ ಯಾರೂ ಅದರ ತಂಟೆಗೆ ಹೋಗಕೂಡದು.

ಪೋಷಕರಲ್ಲಿಯೂ ನನ್ನದೊಂದು ವಿನಂತಿ ಇದೆ. "ಮಾಷ್ಟ್ರೇ, ಈ ಆಟದ ಸಾಮಾನಿನಿಂದ ಮಾರ್ಕು ಬರುತ್ತದಾ?" ಎಂದು ಕೆಲವರು ಕೇಳುತ್ತೀರಿ. ಇನ್ನು ಕೆಲವರು ದುಬಾರಿ ಕಿಟ್ಟನ್ನು ಕೊಡಿಸಿ, ಇನ್ನು ಮಗ ಇಂಜಿನಿಯರೇ ಆದನೆಂದು ನಂಬುತ್ತೀರಿ. ಎರಡೂ ಸರಿಯಲ್ಲ. ಬೋರ್ಡನ್ನು ಶಾಲೆ ಕೊಡುತ್ತದೆ. ನೀವು ಕೊಡಬೇಕಾದದ್ದು ಕೆಲವು ರೂಪಾಯಿಯ ಟ್ರಾನ್ಸಿಸ್ಟರು, ಕೆಲವು ರೆಸಿಸ್ಟರುಗಳು, ಕೆಟ್ಟುಹೋದ ಒಂದು ಹಳೆಯ ಬ್ಯಾಟರಿ ರೇಡಿಯೊ, ಇವೆಲ್ಲಕ್ಕಿಂತ ಮುಖ್ಯವಾಗಿ ಸ್ವಲ್ಪ ತಾಳ್ಮೆ. ಒಂದು ಎಲ್‌ಇಡಿ ಸುಟ್ಟುಹೋದರೆ ಬೈಯಬೇಡಿ. ಯಾಕೆ ಸುಟ್ಟಿತೆಂದು ಕೇಳಿರಿ. ಮಗು ಉತ್ತರ ಹುಡುಕಿಕೊಂಡು ಬಂದರೆ ಆ ಎರಡು ರೂಪಾಯಿ ನಷ್ಟವಲ್ಲ, ಫೀಸು.

ಕೊನೆಗೆ ನನ್ನ ಸ್ವಂತ ಕ್ಷೇತ್ರದ ಮಾತು. ಕನ್ನಡ ಮಾಧ್ಯಮದಲ್ಲಿ ಕಲಿತರೆ ಇಂಥ ವಿದ್ಯೆಯಲ್ಲಿ ಹಿಂದುಳಿಯುತ್ತೇವೆಂಬ ಭಯ ಗಡಿನಾಡಿನ ನಮ್ಮಲ್ಲಿ ಅನೇಕರಿಗಿದೆ. ಪ್ರೋಗ್ರಾಮಿನ ಪದಗಳು ಇಂಗ್ಲಿಷಿನವು, ಅದು ನಿಜ. ಆ ಹತ್ತಿಪ್ಪತ್ತು ಪದಗಳನ್ನು ಯಾವ ಮಗುವೂ ಒಂದು ವಾರದಲ್ಲಿ ಕಲಿಯುತ್ತದೆ. ನಾನು ಎರಡು ಭಾಷೆಗಳಲ್ಲಿ ಓದಿದವನು. ಪದವನ್ನು ಬಲ್ಲದ್ದು ಬೇರೆ, ವಿಷಯವನ್ನು ಬಲ್ಲದ್ದು ಬೇರೆ ಎಂಬುದನ್ನು ಅನುಭವದಿಂದ ತಿಳಿದಿದ್ದೇನೆ. 'ರೆಸಿಸ್ಟರ್' ಎಂಬ ಇಂಗ್ಲಿಷ್ ಪದ ಆ ಇಬ್ಬರು ಹುಡುಗರಿಗೆ ಗೊತ್ತಿತ್ತು, ವಿಷಯ ಗೊತ್ತಿರಲಿಲ್ಲ. ಮನೆಯ ಅಜ್ಜಿಗೆ ಅರ್ಥವಾಗುವಂತೆ ಮನೆಮಾತಿನಲ್ಲಿ ಹೇಳಲು ಬಂದರೆ ಮಾತ್ರ ವಿಷಯ ನಮ್ಮದಾಗಿದೆ ಎಂದು ತಿಳಿಯಬೇಕು. ಈ ಪರೀಕ್ಷೆಯಲ್ಲಿ ಕನ್ನಡವು ಮಗುವಿಗೆ ಅಡ್ಡಿಯಲ್ಲ, ಒರೆಗಲ್ಲು.

ಆ ಇಬ್ಬರು ಹುಡುಗರು ಮರುದಿನ ಮತ್ತೆ ಬಂದರು. ಈ ಬಾರಿ ಚಾರ್ಟನ್ನು ತಾವೇ ಬರೆದಿದ್ದರು. ಅದರಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು, ತಿದ್ದಿಕೊಟ್ಟೆ. ಕೊನೆಯ ವಾಕ್ಯವನ್ನು ಮಾತ್ರ ಮುಟ್ಟಲಿಲ್ಲ. ಅದು ಹೀಗಿತ್ತು: "ರೆಸಿಸ್ಟರ್ ಇಲ್ಲದಿದ್ದರೆ ದೀಪಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಕರೆಂಟು ನುಗ್ಗುತ್ತದೆ, ದೀಪವೂ ಬೋರ್ಡೂ ಹಾಳಾಗುತ್ತದೆ. ಆದ್ದರಿಂದ ಅದು ಬಾಗಿಲಲ್ಲಿ ನಿಂತು ತಡೆಯುತ್ತದೆ." ಅವರು ಹೊಸ್ತಿಲು ದಾಟಿದ್ದರು. ನಮ್ಮ ಶಾಲೆಯ ಪ್ರತಿಯೊಂದು ಮಗುವೂ ಹೀಗೆ ಹೊಸ್ತಿಲು ದಾಟಲಿ ಎಂದು ಹಾರೈಸುತ್ತೇನೆ.